ತೋಟದಲ್ಲಿ ಸಿಕ್ಕ ಕೆಂಪು ಹರಳು ಮಾಣಿಕ್ಯವೇ? ಒರಟು ಕಲ್ಲನ್ನು ಗುರುತಿಸುವ ಕ್ರಮ

ಮಳೆಗಾಲ ಕಳೆದು ತೋಟದ ಕೆಲಸ ಶುರುವಾಗುತ್ತಿದ್ದಂತೆ ಕೊಡಗಿನ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕಾಫಿ ಗಿಡಕ್ಕೆ ಗುಂಡಿ ತೆಗೆಯುವಾಗ, ತೋಡಿನ ಮರಳು ಬಾಚುವಾಗ ಅಥವಾ ರಸ್ತೆ ಬದಿಯ ಬರೆ ಜರಿದ ಜಾಗದಲ್ಲಿ ಕೆಂಪು ಹರಳೊಂದು ಸಿಕ್ಕಿದೆ, ಇದು ಮಾಣಿಕ್ಯವೇ ಎಂದು ಕೇಳಿ ಮೊಬೈಲಿನಲ್ಲಿ ತೆಗೆದ ಚಿತ್ರವನ್ನೂ ಜೊತೆಗೆ ಕಳುಹಿಸುತ್ತಾರೆ. ಚಿತ್ರ ನೋಡಿ ಇದಕ್ಕೆ ಉತ್ತರ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಆದರೆ ಕಲ್ಲು ಕೈಯಲ್ಲಿದ್ದು ಸ್ವಲ್ಪ ತಾಳ್ಮೆಯೂ ಇದ್ದರೆ, ಪ್ರಯೋಗಾಲಯಕ್ಕೆ ಒಯ್ಯಬೇಕಾದ ಕಲ್ಲು ಯಾವುದು, ಒಯ್ಯಬೇಕಾಗಿಲ್ಲದ್ದು ಯಾವುದು ಎಂಬುದನ್ನು ಮನೆಯಲ್ಲಿಯೇ ಬಹುಮಟ್ಟಿಗೆ ತೀರ್ಮಾನಿಸಬಹುದು.

ಮೊದಲು ಒಂದು ಮಾತನ್ನು ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಕೊಡಗಿನ ನೆಲದಲ್ಲಿ ಸಿಗುವ ಕೆಂಪು ಹರಳುಗಳಲ್ಲಿ ಬಹುಪಾಲು ಗಾರ್ನೆಟ್ ಎಂಬ ಬೇರೆ ಖನಿಜ, ಮಾಣಿಕ್ಯವಲ್ಲ. ಇದಕ್ಕೆ ಕಾರಣ ಇಲ್ಲಿನ ಬಂಡೆಯಲ್ಲಿಯೇ ಇದೆ. ಕೊಡಗಿನ ಬೆಟ್ಟಗಳು ಮುನ್ನೂರು ಕೋಟಿ ವರ್ಷಗಳಿಗೂ ಹಳೆಯದಾದ, ಭೂಮಿಯ ಆಳದಲ್ಲಿ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿಕೊಂಡ ಶಿಲೆಗಳಿಂದ ಆದವು. ಇಂಥ ರೂಪಾಂತರ ಶಿಲೆಗಳಲ್ಲಿ ಗಾರ್ನೆಟ್ ಸಹಜವಾಗಿಯೇ ಬೆಳೆಯುತ್ತದೆ. ಮಾಣಿಕ್ಯದ ವಿಷಯ ಹಾಗಲ್ಲ. ಅದು ಕುರುಂದ ಎಂಬ ಖನಿಜದ ಕೆಂಪು ರೂಪ, ಅಂದರೆ ಸ್ಫಟಿಕವಾಗಿ ಗಟ್ಟಿಗೊಂಡ ಅಲ್ಯುಮಿನಿಯಂ ಆಕ್ಸೈಡ್. ಅಲ್ಯುಮಿನಿಯಂ ಭೂಮಿಯ ಹೊರಪದರದಲ್ಲಿ ಧಾರಾಳವಾಗಿದ್ದರೂ ಸುತ್ತ ಬಿಡಿ ಸಿಲಿಕಾ (ಬಿಳಿಕಲ್ಲು, ಮರಳುಗಳ ಮೂಲವಸ್ತು) ಇದ್ದರೆ ಅದರೊಡನೆ ಕೂಡಿ ಫೆಲ್ಡ್‌ಸ್ಪಾರ್, ಕಯನೈಟ್, ಗಾರ್ನೆಟ್ ಮೊದಲಾದ ಖನಿಜಗಳಾಗಿಬಿಡುತ್ತದೆ. ಸಿಲಿಕಾ ಕೊರತೆಯಿರುವ ಅಪರೂಪದ ಜಾಗದಲ್ಲಿ ಮಾತ್ರ ಕುರುಂದ ಹುಟ್ಟುತ್ತದೆ. ಅಂಥಲ್ಲಿ ಅತ್ಯಲ್ಪ ಪ್ರಮಾಣದ ಕ್ರೋಮಿಯಂ ಕೂಡ ಸೇರಿದಾಗ ಅದು ಕೆಂಪಾಗುತ್ತದೆ. ಇಷ್ಟು ಷರತ್ತುಗಳು ಒಂದೆಡೆ ಕೂಡುವುದು ವಿರಳ. ಹಾಗೆಂದು ಅಸಾಧ್ಯವೇನಲ್ಲ. ನೆರೆಯ ಮೈಸೂರು ಸೀಮೆಯಲ್ಲಿ ಕುರುಂದ ದೊರೆಯುವುದು ಬಹುಕಾಲದಿಂದ ತಿಳಿದಿರುವ ಸಂಗತಿ.

ಕಾನೂನಿನ ವಿಷಯವನ್ನೂ ಪರೀಕ್ಷೆಗೆ ಮೊದಲೇ ತಿಳಿದುಕೊಂಡಿರಿ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಜೀವಿಧಾಮಗಳು, ನಾಗರಹೊಳೆ ರಾಷ್ಟ್ರೀಯ ಉದ್ಯಾನ ಮತ್ತು ಯಾವುದೇ ಮೀಸಲು ಅರಣ್ಯದಲ್ಲಿ ಹರಳು ಕಲ್ಲಿಗಾಗಿ ಅಗೆಯುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವ ಅಪರಾಧ. ಸ್ವಂತ ಜಮೀನಾದರೂ, ಕೊಡಗಿನ ವಂಶಪಾರಂಪರ್ಯದ ಜಮ್ಮಾ ಹಿಡುವಳಿಯಾದರೂ, ಪರವಾನಗಿಯಿಲ್ಲದೆ ಖನಿಜ ತೆಗೆದು ಮಾರುವುದಕ್ಕೆ 1957ರ ಗಣಿ ಮತ್ತು ಖನಿಜ ಕಾಯ್ದೆ ಅವಕಾಶ ಕೊಡುವುದಿಲ್ಲ. ತೋಟದ ಕೆಲಸದಲ್ಲಿ ತಾನಾಗಿ ಸಿಕ್ಕ ಒಂದೆರಡು ಹರಳನ್ನು ಗುರುತಿಸುವುದು ಹೇಗೆ ಎಂಬುದಕ್ಕಷ್ಟೇ ಈ ಲೇಖನ ಸೀಮಿತ. ಹರಳಿನ ಆಸೆಗೆ ಬರೆ ಕೊರೆಯುವ ಯೋಚನೆ ಬಂದರೆ 2018ರ ಆಗಸ್ಟ್‌ನಲ್ಲಿ ಈ ಜಿಲ್ಲೆಯ ಗುಡ್ಡಗಳು ಹೇಗೆ ಜರಿದವು ಎಂಬುದನ್ನು ನೆನಪಿಸಿಕೊಳ್ಳಿ. ಬುಡ ಕೊರೆದ ಇಳಿಜಾರು ಮುಂದಿನ ಮಳೆಗೆ ನಿಲ್ಲುವ ಭರವಸೆಯಿಲ್ಲ.

ಬೇಕಾಗುವ ಸಾಮಗ್ರಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. ಗ್ರಾಮಿನ ನೂರನೇ ಒಂದು ಭಾಗದವರೆಗೆ, ಅಂದರೆ 0.01 ಗ್ರಾಂವರೆಗೆ ತೂಗುವ ಡಿಜಿಟಲ್ ತಕ್ಕಡಿ, ಒಂದು ನಿಯೋಡಿಮಿಯಂ ಅಯಸ್ಕಾಂತ, ಚಿಕ್ಕ ಟಾರ್ಚ್, ಪೋಲರೈಸ್ಡ್ ತಂಪು ಕನ್ನಡಕದ ಒಂದು ಗಾಜು, 365 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ಟಾರ್ಚ್, ತೆಳುವಾದ ನೈಲಾನ್ ದಾರ, ಒಂದು ಲೋಟ ನೀರು. ಅಯಸ್ಕಾಂತ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ನೊಳಗೂ ಸಿಗುತ್ತದೆ. ಸುತ್ತಿಗೆ, ಆಸಿಡ್, ಗ್ಯಾಸ್ ಒಲೆ ಈ ಪಟ್ಟಿಯಲ್ಲಿಲ್ಲ. ಅವುಗಳನ್ನು ಕಲ್ಲಿನಿಂದ ದೂರವಿಡಿ.

ಹಂತ 1: ತೊಳೆಯುವುದು

ಉಗುರುಬೆಚ್ಚಗಿನ ಸೋಪಿನ ನೀರು ಮತ್ತು ಮೆದುವಾದ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ನಮ್ಮ ಕೆಂಪುಮಣ್ಣಿನ ಕಬ್ಬಿಣದ ಕಲೆ ಬಿರುಕುಗಳಿಗೆ ಇಳಿದಿದ್ದರೆ ಬಿಡುವುದಿಲ್ಲ, ಇರಲಿ ಬಿಡಿ. ಹರಳಿಗೆ ಅಂಟಿಕೊಂಡಿರುವ ಬಂಡೆಯ ಚೂರನ್ನು ಕಿತ್ತು ಸ್ವಚ್ಛ ಮಾಡುವುದು ಬಹಳ ಮಂದಿ ಮಾಡುವ ತಪ್ಪು. ಹರಳು ಯಾವ ಶಿಲೆಯಲ್ಲಿ ಹುಟ್ಟಿತು ಎಂಬುದಕ್ಕೆ ಆ ಚೂರೇ ಸಾಕ್ಷಿ. ಎಣ್ಣೆ ಸವರಬೇಡಿ. ಎಣ್ಣೆ ಬಿರುಕುಗಳನ್ನು ಮುಚ್ಚಿ ಕಲ್ಲನ್ನು ಚೆಂದ ಕಾಣಿಸುತ್ತದೆಯಾದರೂ ಮುಂದಿನ ಪರೀಕ್ಷೆಗಳನ್ನೆಲ್ಲ ಕೆಡಿಸುತ್ತದೆ. ಕಲ್ಲು ಸಿಕ್ಕ ಜಾಗ, ಆಳ, ಮಣ್ಣಿನ ಬಗೆಯನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.

ಹಂತ 2: ಆಕಾರ ನೋಡುವುದು

ಎಲ್ಲ ಹಂತಗಳಲ್ಲಿ ನಾನು ಹೆಚ್ಚು ನಂಬುವುದು ಇದನ್ನೇ. ಇದಕ್ಕೆ ಕಣ್ಣು ಮತ್ತು ಭೂತಗನ್ನಡಿ ಬಿಟ್ಟು ಬೇರೇನೂ ಬೇಡ. ಆದರೂ ಜನ ಬಣ್ಣಕ್ಕೆ ಮರುಳಾಗಿ ಈ ಹಂತವನ್ನೇ ದಾಟಿಬಿಡುತ್ತಾರೆ.

ಪ್ರತಿ ಖನಿಜವೂ ತನ್ನೊಳಗಿನ ಪರಮಾಣುಗಳ ಜೋಡಣೆಗೆ ತಕ್ಕ ಹೊರಮುಖಗಳನ್ನು ಬೆಳೆಸಿಕೊಳ್ಳುತ್ತದೆ. ಗಾರ್ನೆಟ್ ಘನಾಕೃತಿ ವರ್ಗದ್ದು, ಎಂದರೆ ಎಲ್ಲ ದಿಕ್ಕಿಗೂ ಸಮನಾಗಿ ಬೆಳೆಯುವಂಥದ್ದು. ಆದ್ದರಿಂದ ಅದು ಬಹುತೇಕ ಗುಂಡಗಿರುತ್ತದೆ. ಹನ್ನೆರಡು ವಜ್ರಾಕೃತಿಯ ಮುಖಗಳು ಅಥವಾ ಇಪ್ಪತ್ತನಾಲ್ಕು ಚಿಕ್ಕ ಮುಖಗಳು ಸೇರಿ ಚೆಂಡಿನಾಕಾರ ಆಗಿರುತ್ತದೆ. ತೋಡಿನ ಮರಳಿನಲ್ಲಿ ಸಿಗುವ ಕಾಳುಮೆಣಸಿನ ಗಾತ್ರದ ನೇರಳೆ ಮಿಶ್ರಿತ ಕೆಂಪು ಹರಳನ್ನು ಭೂತಗನ್ನಡಿಯಡಿ ನಿಧಾನವಾಗಿ ತಿರುಗಿಸಿ ನೋಡಿ. ಅಂಚು ಸವೆದಿದ್ದರೂ ಒಂದೆರಡು ಕಡೆ ನಾಲ್ಕು ಸಮ ಬದಿಗಳ, ಓರೆಯಾದ ಚೌಕದ ಆಕಾರದ ಚಪ್ಪಟೆ ಮುಖ ಉಳಿದಿರುತ್ತದೆ. ಅದು ಕಂಡರೆ ನಿಮ್ಮ ಹುಡುಕಾಟ ಬಹುಪಾಲು ಅಲ್ಲಿಗೇ ಮುಗಿಯಿತು, ಅದು ಗಾರ್ನೆಟ್. ಮಳೆ ನಿಂತ ಮೇಲೆ ಹೊಳೆದಂಡೆಯ ಮರಳಿನ ಮೇಲೆ ಕಾಣುವ ತೆಳುವಾದ ಕೆನ್ನೀಲಿ ಗೆರೆಗಳೂ ಸಾಮಾನ್ಯವಾಗಿ ಇದೇ ಗಾರ್ನೆಟ್ಟಿನ ನುರುಕು. ಭಾರವಿರುವುದರಿಂದ ಹಗುರ ಮರಳು ಕೊಚ್ಚಿಹೋದ ಮೇಲೆ ಅದು ಹಿಂದುಳಿಯುತ್ತದೆ.

ಕುರುಂದಕ್ಕೆ ಆರು ಬದಿ. ಚಪ್ಪಟೆಯಾದ ಷಟ್ಕೋನ ಬಿಲ್ಲೆ, ಆರು ಬದಿಯ ಕಂಬ ಅಥವಾ ನಡುವೆ ಉಬ್ಬಿ ಎರಡು ತುದಿಗಳಲ್ಲಿ ಕಿರಿದಾಗುವ ಪೀಪಾಯಿಯ ಆಕಾರ, ಈ ಮೂರರಲ್ಲಿ ಒಂದನ್ನು ನಿರೀಕ್ಷಿಸಬಹುದು. ಕಂಬದ ಮೇಲ್ತುದಿಯ ಚಪ್ಪಟೆ ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅಲ್ಲಿ ಒಂದರೊಳಗೊಂದು ಕೂತಂತಿರುವ ತ್ರಿಕೋನದ ಗುರುತುಗಳು ಅಥವಾ ಮೆಟ್ಟಿಲುಗಳು ಕಂಡರೆ ಅದು ಬಹಳ ಒಳ್ಳೆಯ ಸೂಚನೆ. ಕುರುಂದಕ್ಕೆ ನಿಜವಾದ ಸೀಳು ಗುಣವಿಲ್ಲ. ಆದರೂ ಕೆಲವು ಸಮತಲಗಳಲ್ಲಿ ಅದು ನೇರವಾಗಿ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಮುರಿದ ಭಾಗದಲ್ಲಿ ನೇರ ಗೆರೆಗಳ ಜಾಲ ಕಾಣಬಹುದು. ಗಾರ್ನೆಟ್ ಮುರಿದರೆ ಗಾಜಿನ ಚೂರಿನಂಥ ಬಾಗು ಮೈ ಅಥವಾ ಏರುಪೇರಾದ ಒಡಕು ಕಾಣುತ್ತದೆ.

ಬೇರೆ ಕೆಂಪು ಕಲ್ಲುಗಳನ್ನೂ ಆಕಾರದಿಂದಲೇ ಬೇರ್ಪಡಿಸಬಹುದು. ಸ್ಪಿನೆಲ್ ಎರಡು ಪಿರಮಿಡ್ಡುಗಳನ್ನು ಬುಡ ಕೂಡಿಸಿದಂತೆ ಎಂಟು ಮುಖದ್ದು. ಕೆಂಪು ಟೂರ್ಮಲಿನ್ ಉದ್ದನೆಯ ಕಡ್ಡಿಯಾಗಿ ಬೆಳೆದು ಮೈಮೇಲೆ ಉದ್ದುದ್ದ ಗೀರುಗಳಿರುತ್ತವೆ, ಅಡ್ಡ ಕತ್ತರಿಸಿದ ಮುಖ ಉಬ್ಬಿದ ತ್ರಿಕೋನ. ನೀಲಿ ಕಲ್ಲು ಸಿಕ್ಕವರು ಅದನ್ನು ನೀಲಮಣಿ ಎಂದುಕೊಳ್ಳುವ ಮೊದಲು ಕಯನೈಟನ್ನು ನೆನಪಿಡಿ. ಅದು ಚಪ್ಪಟೆ ಪಟ್ಟಿಯಂತೆ ಬೆಳೆಯುತ್ತದೆ, ಉದ್ದಕ್ಕೆ ಚಾಕುವಿನಿಂದ ಗೀರಬಹುದು, ಅಡ್ಡಕ್ಕೆ ಗೀರಲಾಗದು.

ಇನ್ನೊಂದು ನೋಟ ವಿಶೇಷವಾಗಿ ಗಮನಿಸಬೇಕಾದದ್ದು. ಮೈಸೂರು ಕಡೆಯಲ್ಲಿ ಹಸಿರು ಅಭ್ರಕದ ಮೆತ್ತನೆಯ ಕಲ್ಲಿನಲ್ಲಿ ಕೆಂಪು ಷಟ್ಕೋನ ಹರಳುಗಳು ಹುದುಗಿರುವ ಶಿಲೆ ಸಿಗುತ್ತದೆ. ಈ ಹಸಿರು ಅಭ್ರಕದ ಹೆಸರು ಫುಕ್ಸೈಟ್. ಅದರ ಹಸಿರಿಗೂ ಹರಳಿನ ಕೆಂಪಿಗೂ ಕ್ರೋಮಿಯಂ ಒಂದೇ ಕಾರಣ. ಹರಳಿನ ಸುತ್ತ ತೆಳು ನೀಲಿ ಅಂಚಿದ್ದರೆ ಅದು ಕಯನೈಟ್, ಎರಡರ ನಡುವಿನ ಪ್ರತಿಕ್ರಿಯೆಯಿಂದ ಉಂಟಾದದ್ದು. ಹಸಿರು, ನೀಲಿ, ಕೆಂಪು ಮೂರೂ ಹೀಗೆ ಕೂಡಿರುವ ಕಲ್ಲು ಸಿಕ್ಕರೆ ಒಳಗಿರುವುದು ಕುರುಂದವೆಂದು ಸಾಕಷ್ಟು ವಿಶ್ವಾಸದಿಂದ ಹೇಳಬಹುದು.

ಹಂತ 3: ಬಣ್ಣ ಮತ್ತು ಬೆಳಕು

ಬೆಳಗಿನ ಹೊತ್ತು ನೆರಳಿನಲ್ಲಿ, ಬಿಳಿ ಕಾಗದದ ಮೇಲಿಟ್ಟು ನೋಡಿ. ಸಂಜೆಯ ಬಿಸಿಲು ಮತ್ತು ಹಳದಿ ಬಲ್ಬು ಎಲ್ಲ ಕಲ್ಲನ್ನೂ ಕೆಂಪಾಗಿಸುತ್ತವೆ. ಹಿಂದಿನಿಂದ ಟಾರ್ಚ್ ಹಿಡಿದಾಗ ಗಾರ್ನೆಟ್ ಕಂದು ಮಿಶ್ರಿತ ಕೆಂಪಾಗಿ ಅಥವಾ ನೇರಳೆಗೆಂಪಾಗಿ, ದಪ್ಪ ಕಲ್ಲಾದರೆ ಕಪ್ಪಾಗಿದ್ದು ಅಂಚಿನಲ್ಲಿ ಮಾತ್ರ ಕೆಂಪಾಗಿ ಕಾಣುತ್ತದೆ. ಕುರುಂದದಲ್ಲಿ ಗುಲಾಬಿ ಛಾಯೆ ಹೆಚ್ಚು. ಬಣ್ಣ ಎಲ್ಲೆಡೆ ಒಂದೇ ಸಮನಿರದೆ, ಷಟ್ಕೋನದ ಬದಿಗಳಿಗೆ ಸಮಾನಾಂತರವಾಗಿ ನೇರ ಪಟ್ಟಿಗಳಲ್ಲಿ ಹಂಚಿಹೋಗಿರುವುದುಂಟು. ಬಣ್ಣವೊಂದನ್ನೇ ನಂಬಿ ಯಾವ ತೀರ್ಮಾನಕ್ಕೂ ಬರಬೇಡಿ.

ಹಂತ 4: ಅಯಸ್ಕಾಂತ

ಗಾರ್ನೆಟ್ಟಿನಲ್ಲಿ, ಅದರಲ್ಲೂ ನಮ್ಮಲ್ಲಿ ಹೆಚ್ಚಾಗಿ ಸಿಗುವ ಆಲ್ಮಂಡೈನ್ ಎಂಬ ಬಗೆಯಲ್ಲಿ, ಕಬ್ಬಿಣ ಸ್ಫಟಿಕದ ರಚನೆಯ ಭಾಗವಾಗಿಯೇ ಇರುತ್ತದೆ. ಮಾಣಿಕ್ಯದಲ್ಲಿ ಇದ್ದರೆ ಅತ್ಯಲ್ಪ. ಈ ವ್ಯತ್ಯಾಸವೇ ಈ ಪರೀಕ್ಷೆಗೆ ಆಧಾರ. ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ, ಅದರ ಮೇಲೆ ಥರ್ಮಕೋಲಿನ ತುಂಡು ತೇಲಿಸಿ, ಕಲ್ಲನ್ನು ಅದರ ಮೇಲಿಡಿ. ನೀರು ನಿಶ್ಚಲವಾದ ಮೇಲೆ ಅಯಸ್ಕಾಂತವನ್ನು ಕಲ್ಲಿಗೆ ತಾಗದಂತೆ ಹತ್ತಿರ ಹಿಡಿದು ನಿಧಾನವಾಗಿ ಸರಿಸಿ. ಥರ್ಮಕೋಲು ಅಯಸ್ಕಾಂತದ ಹಿಂದೆ ಬಂದರೆ ಅದು ಗಾರ್ನೆಟ್ ಆಗಿರುವ ಸಾಧ್ಯತೆ ಬಹಳ ಹೆಚ್ಚು. ಕದಲದಿದ್ದರೆ ಮುಂದಿನ ಹಂತಕ್ಕೆ ಹೋಗಿ. ಫ್ಯಾನ್ ನಿಲ್ಲಿಸಿ, ಉಸಿರು ತಾಗದಂತೆ ನೋಡಿಕೊಳ್ಳಿ. ಕಲ್ಲಿನ ಮೇಲೆ ಕಬ್ಬಿಣದ ಕಲೆಯೋ ಕಪ್ಪು ಮ್ಯಾಗ್ನೆಟೈಟ್ ಕಣಗಳೋ ಅಂಟಿದ್ದರೆ ಫಲಿತಾಂಶ ದಾರಿ ತಪ್ಪಿಸಬಹುದು.

ಹಂತ 5: ಸಾಪೇಕ್ಷ ಸಾಂದ್ರತೆ

ಒಂದು ವಸ್ತು ತನ್ನಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದೇ ಸಾಪೇಕ್ಷ ಸಾಂದ್ರತೆ. ಮೊದಲು ಒಣಗಿದ ಕಲ್ಲನ್ನು ತೂಗಿ ಬರೆದುಕೊಳ್ಳಿ. ನಂತರ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಅಂಕೆಯನ್ನು ಸೊನ್ನೆಗೆ ತನ್ನಿ. ಕಲ್ಲನ್ನು ದಾರದಲ್ಲಿ ಕಟ್ಟಿ, ಲೋಟದ ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವುದು ಕಲ್ಲು ಸರಿಸಿದ ನೀರಿನ ತೂಕ. ಒಣ ತೂಕವನ್ನು ಇದರಿಂದ ಭಾಗಿಸಿದರೆ ಉತ್ತರ ಸಿಕ್ಕಿತು. ಉದಾಹರಣೆಗೆ, ಒಣ ತೂಕ 8.12 ಗ್ರಾಂ, ನೀರಿನಲ್ಲಿ ಬಂದ ಅಂಕೆ 2.03 ಗ್ರಾಂ ಆದರೆ ಸಾಂದ್ರತೆ 4.00.

ಕುರುಂದದ ಸಾಂದ್ರತೆ ಸುಮಾರು 4.0. ಕ್ವಾರ್ಟ್ಜ್ ಅಂದರೆ ನಮ್ಮ ಬಿಳಿಕಲ್ಲಿನ ಜಾತಿ 2.65, ಸಾಮಾನ್ಯ ಗಾಜು ಸುಮಾರು 2.5, ಟೂರ್ಮಲಿನ್ 3.0ರಿಂದ 3.2, ಸ್ಪಿನೆಲ್ 3.6, ಜಿರ್ಕಾನ್ 4.7ರವರೆಗೆ. ಇವೆಲ್ಲ ಸುಲಭವಾಗಿ ಬೇರ್ಪಡುತ್ತವೆ. ತೊಡಕಿರುವುದು ಗಾರ್ನೆಟ್ಟಿನಲ್ಲಿಯೇ. ಆಲ್ಮಂಡೈನ್ 4.1ರಿಂದ 4.3ರವರೆಗೆ ಇದ್ದರೆ, ಮೆಗ್ನೀಸಿಯಂ ಹೆಚ್ಚಿರುವ ಪೈರೋಪ್ ಬಗೆ 3.6ರಿಂದ 3.9ರ ಆಸುಪಾಸು. ಎರಡರ ಮಿಶ್ರಣವಾದ ಗಾರ್ನೆಟ್ ಸರಿಯಾಗಿ 4.0ಕ್ಕೇ ಬಂದು ಕೂರಬಹುದು. ಆದ್ದರಿಂದ 4.0 ಎಂಬ ಅಂಕೆ ನೋಡಿ ಸಂಭ್ರಮಪಡುವ ಮೊದಲು ಆಕಾರ ಮತ್ತು ಅಯಸ್ಕಾಂತ ಏನು ಹೇಳಿದವು ಎಂಬುದನ್ನು ಮತ್ತೊಮ್ಮೆ ನೋಡಿ.

ಚಿಕ್ಕ ಕಲ್ಲುಗಳಲ್ಲಿ ಈ ಲೆಕ್ಕ ನಂಬಲರ್ಹವಲ್ಲ. 0.60 ಗ್ರಾಮಿನ ಕಲ್ಲು 0.15 ಗ್ರಾಂ ನೀರು ಸರಿಸಿದರೆ ಉತ್ತರ 4.00, ತಕ್ಕಡಿ ಒಂದೇ ಅಂಕೆ ತಪ್ಪಿ 0.16 ತೋರಿಸಿದರೆ 3.75, 0.14 ತೋರಿಸಿದರೆ 4.29. ಮೂರು ಗ್ರಾಂಗಿಂತ ಕಡಿಮೆಯಿರುವ ಕಲ್ಲಿಗೆ ಈ ಪರೀಕ್ಷೆಯನ್ನು ಮನೆಯ ತಕ್ಕಡಿಯಲ್ಲಿ ಮಾಡದಿರುವುದೇ ಮೇಲು. ಕಲ್ಲಿಗೆ ಗಾಳಿಗುಳ್ಳೆ ಅಂಟಿದ್ದರೆ ಅಂಕೆ ತಪ್ಪುತ್ತದೆ, ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿದರೆ ಗುಳ್ಳೆ ಬಿಡುತ್ತದೆ. ಬಂಡೆಯ ಚೂರು ಅಂಟಿರುವ ಹರಳಿಗಂತೂ ಈ ಅಂಕೆ ಅರ್ಥಹೀನ.

ಹಂತ 6: ಎರಡು ಬಣ್ಣದ ಪರೀಕ್ಷೆ

ಬೆಳಕು ಹಾಯುವ ಕಲ್ಲಾದರೆ ಇದನ್ನು ತಪ್ಪದೆ ಮಾಡಿ. ಮಾಣಿಕ್ಯದೊಳಗೆ ಹೊಕ್ಕ ಬೆಳಕು ಎರಡಾಗಿ ಒಡೆಯುತ್ತದೆ, ಒಂದು ನೇರಳೆ ಛಾಯೆಯ ಕೆಂಪು, ಇನ್ನೊಂದು ಕಿತ್ತಳೆ ಛಾಯೆಯ ಕೆಂಪು. ಗಾರ್ನೆಟ್, ಸ್ಪಿನೆಲ್, ಗಾಜು ಈ ಮೂರರಲ್ಲಿಯೂ ಹೀಗಾಗುವುದಿಲ್ಲ. ಕಲ್ಲಿನ ಹಿಂದೆ ಬಿಳಿ ಬೆಳಕಿರಲಿ, ಕಣ್ಣಿಗೂ ಕಲ್ಲಿಗೂ ನಡುವೆ ಪೋಲರೈಸ್ಡ್ ಗಾಜು ಹಿಡಿದು ನಿಧಾನವಾಗಿ ಕಾಲು ಸುತ್ತು ತಿರುಗಿಸಿ. ಬಣ್ಣದ ಛಾಯೆ ಬದಲಾಗುತ್ತಿದೆಯೇ ನೋಡಿ. ಹರಳಿನ ಉದ್ದದ ಅಕ್ಷದ ನೇರಕ್ಕೆ ನೋಡಿದರೆ ಮಾಣಿಕ್ಯದಲ್ಲಿಯೂ ಬದಲಾವಣೆ ಕಾಣುವುದಿಲ್ಲ. ಹಾಗಾಗಿ ಮೂರು ಬೇರೆ ಬೇರೆ ದಿಕ್ಕಿನಿಂದ ಪರೀಕ್ಷಿಸಿ. ಕನ್ನಡಕ ನಿಜವಾಗಿ ಪೋಲರೈಸ್ಡ್ ಹೌದೋ ಅಲ್ಲವೋ ತಿಳಿಯಲು, ಅದರ ಮೂಲಕ ಮೊಬೈಲ್ ಪರದೆ ನೋಡುತ್ತ ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾಗಬೇಕು ಅಥವಾ ಗಮನಾರ್ಹವಾಗಿ ಮಂಕಾಗಬೇಕು. ಸಿನಿಮಾ ಮಂದಿರದ ತ್ರೀ-ಡಿ ಕನ್ನಡಕ ಇದಕ್ಕೆ ಬೇಡ. ಟೂರ್ಮಲಿನ್ ಕೂಡ ಎರಡು ಬಣ್ಣ ತೋರಿಸುತ್ತದೆ, ಅದನ್ನು ಸಾಂದ್ರತೆಯಿಂದ ಈಗಾಗಲೇ ಬೇರ್ಪಡಿಸಿರುತ್ತೀರಿ.

ಹಂತ 7: ನೇರಳಾತೀತ ಬೆಳಕು

ಕತ್ತಲೆ ಕೋಣೆಯಲ್ಲಿ 365 ನ್ಯಾನೊಮೀಟರ್ ಟಾರ್ಚ್ ಬಿಟ್ಟಾಗ ಕ್ರೋಮಿಯಂ ಇರುವ ಮಾಣಿಕ್ಯ ತಾನೇ ಕೆಂಪಾಗಿ ಬೆಳಗುತ್ತದೆ, ಗಾರ್ನೆಟ್ ಬೆಳಗುವುದಿಲ್ಲ. ಅಗ್ಗದ 395 ನ್ಯಾನೊಮೀಟರ್ ಟಾರ್ಚ್‌ಗಳು ಕಣ್ಣಿಗೆ ಕಾಣುವ ನೇರಳೆ ಬೆಳಕನ್ನೂ ಚೆಲ್ಲುವುದರಿಂದ ಅದರ ಪ್ರತಿಫಲನವನ್ನೇ ಕಲ್ಲಿನ ಬೆಳಕೆಂದು ಭ್ರಮಿಸುವವರು ಬಹಳ. ಕಬ್ಬಿಣ ಹೆಚ್ಚಿರುವ ಮಾಣಿಕ್ಯದಲ್ಲಿ ಈ ಬೆಳಗು ಮಂಕಾಗುತ್ತದೆ ಅಥವಾ ಪೂರ್ತಿ ಅಡಗಿಹೋಗುತ್ತದೆ. ಹೀಗಾಗಿ ಬೆಳಗಲಿಲ್ಲವೆಂದ ಮಾತ್ರಕ್ಕೆ ಕಲ್ಲನ್ನು ಎಸೆಯಬೇಡಿ. ಕೆಂಪು ಸ್ಪಿನೆಲ್ ಬೆಳಗುತ್ತದೆ, ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯ ಇನ್ನೂ ಜೋರಾಗಿ ಬೆಳಗುತ್ತದೆ. ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಹಂತ 8: ಗಡಸುತನ, ಅನಿವಾರ್ಯವಾದರೆ ಮಾತ್ರ

ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಕ್ವಾರ್ಟ್ಜ್ 7, ಪುಷ್ಯರಾಗ (ಟೋಪಾಜ್) 8, ಕುರುಂದ 9, ವಜ್ರ 10. ಗಾರ್ನೆಟ್ 6.5ರಿಂದ 7.5ರೊಳಗೆ. ಕಲ್ಲು ಗಾಜನ್ನು ಗೀರಿತು, ಆದ್ದರಿಂದ ಮಾಣಿಕ್ಯ ಎಂಬ ಮಾತು ತೀರ ಸಾಮಾನ್ಯವಾಗಿ ಕೇಳಿಬರುತ್ತದೆ. ಗಾಜನ್ನು ಬಿಳಿಕಲ್ಲಿನ ಚೂರೂ ಗೀರುತ್ತದೆ, ಗಾರ್ನೆಟ್ಟೂ ಗೀರುತ್ತದೆ. ಈ ಎರಡನ್ನು ಕುರುಂದದಿಂದ ಬೇರ್ಪಡಿಸಬೇಕಾದರೆ ಪುಷ್ಯರಾಗದ ತುಂಡೇ ಬೇಕು. ಕಲ್ಲಿನ ಕಾಣದ ಮೂಲೆಯಿಂದ ಪುಷ್ಯರಾಗದ ನುಣುಪು ಮುಖದ ಮೇಲೆ ಒಂದೇ ಒಂದು ಚಿಕ್ಕ ಗೀರೆಳೆದು, ಒದ್ದೆ ಬೆರಳಿನಿಂದ ಒರೆಸಿ ನೋಡಿ. ಒರೆಸಿದಾಗ ಅಳಿದರೆ ಅದು ಗೀರಲ್ಲ, ನಿಮ್ಮ ಕಲ್ಲೇ ಸವೆದು ಬಿದ್ದ ಪುಡಿ. ಗಡಸುತನವೆಂದರೆ ಗೀರನ್ನು ತಾಳುವ ಶಕ್ತಿಯೇ ಹೊರತು ಪೆಟ್ಟನ್ನು ತಾಳುವುದಲ್ಲ. ನಿಜವಾದ ಮಾಣಿಕ್ಯ ಸುತ್ತಿಗೆಗೆ ಒಡೆಯುವುದಿಲ್ಲ ಎಂಬ ನಂಬಿಕೆಯಿಂದ ಹಾಳಾದ ಒಳ್ಳೆಯ ಹರಳುಗಳು ಲೆಕ್ಕವಿಲ್ಲ.

ಹಂತ 9: ನಕಲಿಯ ಸಾಧ್ಯತೆ

ನಿಮ್ಮ ಕೈಯಾರೆ ಮಣ್ಣಿನಿಂದ ತೆಗೆದ ಕಲ್ಲಿಗೆ ಈ ಹಂತ ಅಷ್ಟಾಗಿ ಬೇಡ, ಕೊಂಡ ಕಲ್ಲಿಗೆ ಖಂಡಿತ ಬೇಕು. ಫ್ರಾನ್ಸಿನ ಆಗಸ್ಟ್ ವರ್ನೂಯಿ ಎಂಬ ರಸಾಯನ ವಿಜ್ಞಾನಿ ಅಲ್ಯುಮಿನಾ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದ ಮೇಲೆ ಕೃತಕ ಮಾಣಿಕ್ಯ ಅಗ್ಗವಾಗಿ ಸಿಗುತ್ತಿದೆ. ಅದನ್ನು ಒಡೆದು, ಉರುಳಿಸಿ ಅಂಚು ಸವೆಸಿ, ಮಣ್ಣು ಮೆತ್ತಿ ಒರಟು ಕಲ್ಲೆಂದು ಮಾರುವುದುಂಟು. ಅದರ ಗಡಸುತನ, ಸಾಂದ್ರತೆ, ಎರಡು ಬಣ್ಣ ಎಲ್ಲವೂ ನಿಜ ಮಾಣಿಕ್ಯದ್ದೇ ಆಗಿರುವುದರಿಂದ ಮೇಲಿನ ಯಾವ ಪರೀಕ್ಷೆಯೂ ಅದನ್ನು ಹಿಡಿಯದು. ಭೂತಗನ್ನಡಿಯಡಿ ಒಳಗೆ ಬಾಗಿದ ಗೆರೆಗಳು ಅಥವಾ ದುಂಡು ಗಾಳಿಗುಳ್ಳೆಗಳು ಕಂಡರೆ ಅನುಮಾನಿಸಿ. ನೈಸರ್ಗಿಕ ಹರಳಿನ ಬೆಳವಣಿಗೆಯ ಗೆರೆಗಳು ನೇರವಾಗಿರುತ್ತವೆ, ಬಾಗುವುದಿಲ್ಲ. ತೀರ ಶುದ್ಧವಾಗಿ, ದೊಡ್ಡದಾಗಿ, ಗಾಢ ಕೆಂಪಾಗಿರುವ ಒರಟು ಕಲ್ಲನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಕೊಳ್ಳಬೇಡಿ. ನಕ್ಷತ್ರ ಕಾಣುತ್ತದೆ ಎಂಬುದೂ ಸಾಲದು. ಒಳಗಿನ ಸೂಜಿಯಂಥ ಎಳೆಗಳಿಂದ ಆರು ಕಿರಣದ ನಕ್ಷತ್ರ ಮೂಡಿಸುವ ಮಾಣಿಕ್ಯ ಕರ್ನಾಟಕದಲ್ಲಿ ಸಿಗುವುದು ನಿಜವಾದರೂ, ಭಾರತದ ಕೆಲವು ಗಾರ್ನೆಟ್‌ಗಳಲ್ಲಿಯೂ ನಾಲ್ಕು ಅಥವಾ ಆರು ಕಿರಣದ ನಕ್ಷತ್ರ ಮೂಡುತ್ತದೆ.

ಹಂತ 10: ತಜ್ಞರ ಬಳಿಗೆ

ಆರು ಬದಿಯ ಆಕಾರ, ಅಯಸ್ಕಾಂತಕ್ಕೆ ಕದಲದಿರುವುದು, 4.0ರ ಸಾಂದ್ರತೆ, ಎರಡು ಬಣ್ಣ, ಕೆಂಪು ಬೆಳಗು, ಇವುಗಳಲ್ಲಿ ಮೂರಾದರೂ ಹೊಂದಿದರೆ ಕಲ್ಲನ್ನು ಮುಂದಕ್ಕೆ ಒಯ್ಯಬಹುದು. ಖನಿಜ ಯಾವುದೆಂದಷ್ಟೇ ತಿಳಿಯಬೇಕಾದರೆ ಮೈಸೂರು ವಿಶ್ವವಿದ್ಯಾನಿಲಯದ ಭೂವಿಜ್ಞಾನ ವಿಭಾಗದಂಥ ಕಡೆ ವಿಚಾರಿಸಿ. ರತ್ನವಾಗಿ ಪ್ರಮಾಣಪತ್ರ ಬೇಕಾದರೆ ಬೆಂಗಳೂರಿನಲ್ಲಿ ರತ್ನ ಪರೀಕ್ಷಾ ಪ್ರಯೋಗಾಲಯಗಳಿವೆ, ಜೈಪುರದಲ್ಲಿ ದೀರ್ಘಕಾಲದಿಂದ ಹೆಸರಾದ ಪ್ರಯೋಗಾಲಯವಿದೆ. ಒರಟು ಕಲ್ಲನ್ನು ಪರೀಕ್ಷೆಗೆ ತೆಗೆದುಕೊಳ್ಳುತ್ತಾರೆಯೇ, ಶುಲ್ಕವೆಷ್ಟು ಎಂಬುದನ್ನು ಹೊರಡುವ ಮೊದಲೇ ಕೇಳಿಕೊಳ್ಳಿ.

ಬೆಲೆಯ ಬಗ್ಗೆ ಅತಿಯಾದ ನಿರೀಕ್ಷೆ ಬೇಡ. ಕುರುಂದವೆಂದು ಖಚಿತವಾದ ಕಲ್ಲುಗಳಲ್ಲಿಯೂ ಬಹುಪಾಲು ಅಪಾರದರ್ಶಕವಾಗಿ, ಬಿರುಕುಗಳಿಂದ ತುಂಬಿ, ಸಾಣೆ ಹಿಡಿಯುವ ಪುಡಿಗಷ್ಟೇ ಯೋಗ್ಯವಾಗಿರುತ್ತವೆ. ಬೆಳಕು ಹಾಯುವ, ಬಿರುಕು ಕಡಿಮೆಯಿರುವ ಹರಳಿಗೆ ಮಾತ್ರ ಬೆಲೆ.

ಯಾರಿಗೂ ಕಲ್ಲಿನ ಮೂಲೆ ಕತ್ತರಿಸಿ ಒಳಗು ನೋಡಲು ಬಿಡಬೇಡಿ, ಬಣ್ಣ ಬರಿಸುತ್ತೇನೆಂದು ಬಿಸಿ ಮಾಡಲು ಕೊಡಬೇಡಿ. ಪರೀಕ್ಷೆಗೆ ಕೊಡುವ ಮುನ್ನ ಕಲ್ಲಿನ ನಾಲ್ಕೂ ಕಡೆಯ ಚಿತ್ರ ತೆಗೆದಿಟ್ಟುಕೊಳ್ಳಿ. ನಿಮ್ಮೆದುರಿಗೇ ತೂಗಿಸಿ, ತೂಕವನ್ನು ಗ್ರಾಂ ಮತ್ತು ಕ್ಯಾರೆಟ್ ಎರಡರಲ್ಲಿಯೂ ಬರೆದ ರಸೀದಿ ಪಡೆಯಿರಿ. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ. ವರದಿಯಲ್ಲಿ ಖನಿಜದ ಹೆಸರು, ನೈಸರ್ಗಿಕವೋ ಕೃತಕವೋ, ಶಾಖ ಅಥವಾ ಗಾಜು ತುಂಬಿಸುವಂಥ ಸಂಸ್ಕರಣೆ ಆಗಿದೆಯೋ ಎಂಬ ಮೂರನ್ನೂ ಬರೆಸಿಕೊಳ್ಳಿ. ಕಲ್ಲು ಹಿಂದಕ್ಕೆ ಬಂದಾಗ ಅದೇ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗಿಸಿ, ತೆಗೆದಿಟ್ಟ ಚಿತ್ರದೊಡನೆ ಹೋಲಿಸಿ ನೋಡಿದ ಮೇಲೆಯೇ ರಸೀದಿ ಮರಳಿಸಿ.